ಕೋಲಿನ ತುದಿಯ ಚೆಂಡು

ತೀರ್ಪುಗಾರರು ಮೊನ್ನೆ ಪಟ್ಟಿ ಹೊರಡಿಸಿದರು.
ಐದು ಭಾಗ, ಒಂಬತ್ತು ವರ್ಷ, ಒಂದೇ ಅಂತರಿಕ್ಷ ನೌಕೆ;
ಶ್ರೇಷ್ಠ ನಟ ಬಾರ್ನಬಾಷ್.
ಯೆನೋ ಪತ್ರಿಕೆ ಮಡಚಿ ಮೇಜಿಗೆ ಬಡಿದ,
ವೈನು ಬೆರೆಸಿದ ಸೋಡಾ ತುಳುಕಿತು.
"ನೀನು ಹೇಳು ದೆಜೋ, ನೀನು ಅಲ್ಲಿದ್ದವನು."

ಇದ್ದೆ, ಹೌದು.
ಬುಡಾಪೆಸ್ಟಿನಾಚೆ, ಡ್ಯಾನ್ಯೂಬ್ ದಂಡೆಯ ತಗಡಿನ ಶೆಡ್ಡಿನಲ್ಲಿ,
ಹಸಿರು ಪರದೆಯ ಮುಂದೆ
ಹಸಿರು ಅಂಗಿ, ಹಸಿರು ಟೋಪಿ, ಹಸಿರು ಕೈಗವಸು ತೊಟ್ಟು
ಎರಡಾಳುದ್ದದ ಕೋಲು ಎತ್ತಿಹಿಡಿದು ನಿಂತವನು.
ಕೋಲಿನ ತುದಿಗೊಂದು ಟೆನಿಸ್ ಚೆಂಡು.
ಸೋಮವಾರ ಅದು ಆರು ಕಣ್ಣಿನ ಪ್ರಾಣಿ,
ಮಂಗಳವಾರ ಸಾಯುತ್ತಿರುವ ಗ್ರಹ.
ನಟರು ನೋಡಬೇಕಾದದ್ದು ಅದನ್ನೇ.
ಆಮೇಲೆ ಕಂಪ್ಯೂಟರಿನ ಹುಡುಗರು
ನನ್ನನ್ನು ಒರೆಸಿ, ನಾನು ನಿಂತಲ್ಲಿ
ಬ್ರಹ್ಮಾಂಡ ತುಂಬುತ್ತಿದ್ದರು.

ಪರದೆಯ ಮೇಲೆ ಯಾರು ಹೇಗೆ ಕಂಡರೋ, ಅದು ನಿಮಗೆ ಬಿಟ್ಟಿದ್ದು.
ನನ್ನದು ಚೆಂಡಿನ ಕಡೆಯ ಲೆಕ್ಕ.

ಬಾರ್ನಬಾಷ್ ಒಮ್ಮೆಯೂ ಚೆಂಡನ್ನು ನೋಡಲಿಲ್ಲ.
ಅದರ ಪಕ್ಕದ ದೀಪವನ್ನು ದಿಟ್ಟಿಸುತ್ತಿದ್ದ,
ಕಣ್ಣಲ್ಲಿ ನೀರು ಬರಲೆಂದು.
ಬರುತ್ತಿತ್ತು, ಸುಳ್ಳಾಡಬಾರದು, ಹದವಾಗಿ,
ಒಂದೇ ಹನಿ, ಕ್ಯಾಮೆರಾ ಇದ್ದ ಕಡೆಯ ಕಣ್ಣಿಂದ.
ಗ್ರಹ ಸಿಡಿದಾಗ ಆ ಹನಿ, ಹೆಂಡತಿ ಸತ್ತಾಗ ಆ ಹನಿ,
ಗಡಿಯಾರದ ಮರದ ಹಕ್ಕಿ
ಹೊತ್ತಿಗೆ ಸರಿಯಾಗಿ ಬಾಗಿಲು ತೆರೆದು ಬಂದಂತೆ.

ಇಲ್ದಿಕೊ ಬೇರೆ.
ಮೊದಲ ಭಾಗದಲ್ಲಿ ಬರೀ ಕೊರಡು,
ಮಗ್ಗಿ ಒಪ್ಪಿಸುವಂತೆ ಮಾತು ಒಪ್ಪಿಸಿದಳು.
ನಾಲ್ಕನೆಯದರ ಹೊತ್ತಿಗೆ
ನಾನು ಕೋಲು ಅಲುಗಿಸುವ ಮೊದಲೇ
ಅವಳ ಕತ್ತಿನ ನರ ಅಲುಗುತ್ತಿತ್ತು.
ಪಟ್ಟಿಯಲ್ಲಿ ಅವಳಿಗೆ ಜಾಗವಿಲ್ಲ.
ಮೊದಲನೆಯದನ್ನು ನೋಡಿಯೇ ಬಾಯಿ ತೊಳೆದುಕೊಂಡಿರಬೇಕು ಆ ಮಹನೀಯರು.

ಎಮೆಶೆಗೆ ಆಗ ಏಳು ವರ್ಷ.
"ಇದರ ಹೆಸರೇನು?" ಅಂದಳು.
ಹೆಸರಿಲ್ಲ, ಅಂದೆ.
ತಾನೇ ಇಟ್ಟಳು, ನನಗೆ ಮಾತ್ರ ಹೇಳಲಿಲ್ಲ.
ಹನ್ನೊಂದು ದಿನ ಚೆಂಡಿನ ಜೊತೆ ಜಗಳ, ರಾಜಿ, ಮತ್ತೆ ಜಗಳ.
ಅದಕ್ಕೆ ಅಂಕ ಹಾಕುವುದು ಹೇಗೆ?
ಹಾಕಿದರೆ ಅವಳು ಕೋಪಿಸಿಕೊಂಡಾಳು.

ಇನ್ನು ಟಿವಾದರ್.
ನಲವತ್ತು ವರ್ಷ ನಾಟಕದ ಹಲಗೆ ಸವೆಸಿದ ಮನುಷ್ಯ,
ಸ್ಪಂಜಿನ ಕವಚದೊಳಗೆ ಬೆವೆಯುತ್ತ ಐದನೆಯ ಭಾಗದ ಕ್ಯಾಪ್ಟನ್.
ನೆನಪು ಆಗಲೇ ಸೋರತೊಡಗಿತ್ತು;
ಕಿವಿಯೊಳಗೊಂದು ಯಂತ್ರ, ಮಾತು ಉಸುರಲು ಒಬ್ಬ ಹುಡುಗಿ.
ಆ ದಿನ ಯಂತ್ರ ಸತ್ತಿತು.
ನೌಕೆ ಬೀಳುತ್ತಿದೆ. ಬೆಳಕಿನ ಮಹಾಜೀವವೊಂದು
ಅದನ್ನು ಅಂಗೈಯಲ್ಲಿ ಎತ್ತಿ ಹಿಡಿದಿದೆ (ಅಂದರೆ ನಾನು).
ಮುದುಕ ಚೆಂಡನ್ನು ನೋಡಿದ,
ಮಾತಿಲ್ಲ.
ಕಣ್ಣು ಮೆಲ್ಲಗೆ ಕೋಲಿನ ಗುಂಟ ಇಳಿಯಿತು,
ಬಾವಿಯ ಹಗ್ಗ ಹಿಡಿದು ಇಳಿಯುವವನ ಹಾಗೆ,
ಗೇಣು ಗೇಣು,
ನನ್ನ ಮುಖಕ್ಕೆ ಬಂದು ನಿಂತಿತು.
"ಕೈ ನೋಯುತ್ತಿಲ್ಲವೆ?"

ಒಂಬತ್ತು ವರ್ಷದಲ್ಲಿ ಯಾರೂ ಕೇಳಿರಲಿಲ್ಲ.

ನಿರ್ದೇಶಕ ಅದನ್ನೇ ಇಟ್ಟುಕೊಂಡ.
ಚಿತ್ರಮಂದಿರದಲ್ಲಿ ಜನ ಬಿಕ್ಕುವುದು ಅಲ್ಲೇ,
ಅಷ್ಟು ದೊಡ್ಡ ಬೆಳಕಿಗೆ ಸಾಯುವವನೊಬ್ಬ
ನೋವು ವಿಚಾರಿಸಿದನೆಂದು.
ಬೆಳಕಿಗೆ ಅಂದು ನೆಗಡಿಯಾಗಿತ್ತು.
ಮೂಗು ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಮರೆವಿಗೂ ಬಹುಮಾನವೆ?" ಯೆನೋ ಕೇಳಿದ.
"ಅದು ನಟನೆಯೇ ಅಲ್ಲವಲ್ಲ."
ಅಲ್ಲವೇನೋ. ಅಥವಾ ನಲವತ್ತು ವರ್ಷ ಕಲಿತದ್ದೆಲ್ಲ ಉದುರಿದ ಮೇಲೆ
ತಳದಲ್ಲಿ ಉಳಿದದ್ದು ಅದೊಂದೇ ಏನೋ.
ಅವನನ್ನೇ ಕೇಳೋಣವೆಂದು ವೃದ್ಧಾಶ್ರಮಕ್ಕೆ ಹೋದೆ, ಪೇಚ್ ಊರಿಗೆ.
ಟಿವಿಯಲ್ಲಿ ಅದೇ ಚಿತ್ರ ಓಡುತ್ತಿತ್ತು.
ನನ್ನ ಗುರುತು ಸಿಗಲಿಲ್ಲ, ತನ್ನದೂ.
ಕತ್ತು ಓರೆ ಮಾಡಿ ಪೂರ್ತಿ ನೋಡಿ,
"ಯಾರೀ ಮುದುಕ? ಪರವಾಗಿಲ್ಲ," ಅಂದ.
"ಕೊನೆಯಲ್ಲಿ ಸ್ವಲ್ಪ ಜಾಸ್ತಿಯಾಯಿತು."

ಯೆನೋ ನಗುತ್ತ ಇನ್ನೆರಡು ಲೋಟ ತರಿಸಿದ.
ನನ್ನ ಬಲಗೈ ಈಗ ಭುಜದ ಮೇಲಕ್ಕೆ ಏಳುವುದಿಲ್ಲ;
ಎಡಗೈಯಲ್ಲೇ ಎತ್ತಿಕೊಂಡೆ.